ತಾಳವಾಡಿಯಲ್ಲಿ ಕತ್ತಲು ಅಳೆದ ರಾತ್ರಿ

ಅವರಾತ್ರಿ ಅಮಾವಾಸ್ಯೆಯ ದಿನ ಮಧ್ಯಾಹ್ನ ಊಟ ಮುಗಿಸಿ ಮೈಸೂರು ಬಿಟ್ಟೆವು. ನಾನು, ಗೆಳತಿ, ಬ್ಯಾಗಿನಲ್ಲಿ ಆಕಾಶದ ಕತ್ತಲು ಅಳೆಯುವ, ಅಂಗೈಯಗಲದ ಒಂದು ಮೀಟರು. ಚಾಮರಾಜನಗರ ದಾಟಿ ಸ್ವಲ್ಪ ದೂರಕ್ಕೆಲ್ಲ ಬೋರ್ಡುಗಳು ತಮಿಳಿಗೆ ತಿರುಗಿದವು. ಮಾತು ಮಾತ್ರ ಕನ್ನಡವೇ. ಟೀ ಅಂಗಡಿಯಲ್ಲೂ ಚಾಮರಾಜನಗರ ಸೀಮೆಯದೇ ರಾಗ. ರಾಜಕುಮಾರ್ ಅವರ ಗಾಜನೂರು ಇರುವುದು ಈ ತಾಳವಾಡಿ ಕಡೆಯೇ.

ಗೆಳತಿಯ ಸೋದರಮಾವನ ಹೊಲ ಕಾಡಂಚಿನಲ್ಲಿದೆ. ಬೇಲಿ ದಾಟಿದರೆ ಸತ್ಯಮಂಗಲದ ಕಾಡು. 2013ರಿಂದ ಅದು ಹುಲಿ ಸಂರಕ್ಷಿತ ಪ್ರದೇಶ. ಅದೇ ಕಾಡಿನ ದಿಂಬಂ ಘಾಟಿಯಲ್ಲಿ 27 ತಿರುವುಗಳಿವೆ. ರಸ್ತೆ ದಾಟುವ ಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯುತ್ತಿದ್ದವು ಅಂತ 2022ರಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ರಾತ್ರಿ ಹೊತ್ತು ನಾವೂ ಕಾಡಿಗೆ ಕಾಲಿಡುವಂತಿಲ್ಲ, ಇಡಲೂಬಾರದು. ಹಾಗಾಗಿ ಬೇಲಿಯ ಈಚೆ ನಿಂತೇ ಅಳೆಯುವುದು ಅಂತ ಮೊದಲೇ ತೀರ್ಮಾನಿಸಿದ್ದೆವು.

"ಏನವ್ವಾ, ಕತ್ಲನ್ನೂ ಅಳೀತಾರಾ?" ಮಾವ ಕೇಳಿದರು.

ಅಳೀತಾರೆ. ಚಂದ್ರ ಇರಬಾರದು, ಮೋಡ ಇರಬಾರದು, ಸಂಜೆಯ ಬೆಳಕು ಪೂರ್ತಿ ಆರಿರಬೇಕು. ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿಳಿಯುವವರೆಗೂ ಆಕಾಶದಲ್ಲಿ ಅವನ ಬೆಳಕು ಉಳಿದೇ ಇರುತ್ತದೆ. ಆಮೇಲೆ ಮೀಟರನ್ನು ನೆತ್ತಿಯ ಕಡೆಗೆ ಹಿಡಿದು ಗುಂಡಿ ಒತ್ತಬೇಕು. ಬರುವ ಅಂಕಿ ದೊಡ್ಡದಾದಷ್ಟೂ ಕತ್ತಲು ಜಾಸ್ತಿ. ಮನುಷ್ಯರ ದೀಪ ಸೋಕದ ಆಕಾಶ 22ರ ಹತ್ತಿರ ಇರುತ್ತದೆ, ದೊಡ್ಡ ನಗರದ್ದು 17, 18. ಸಣ್ಣ ವ್ಯತ್ಯಾಸ ಅನ್ನಿಸುತ್ತೆ ಅಲ್ವಾ? ಆದರೆ 5 ಅಂಕಿ ಕಡಿಮೆಯಾದರೆ ಆಕಾಶದ ಬೆಳಕು 100 ಪಟ್ಟು ಏರಿದೆ ಅಂತ ಅರ್ಥ.

ಎಂಟು ಗಂಟೆಗೆ ಅಟ್ಟಣೆ ಹತ್ತಿದೆವು. ಹೊಲದ ತುದಿಯ ಕಂಬದಲ್ಲಿ ಉರಿಯುತ್ತಿದ್ದ ಎಲ್‌ಇಡಿ ಫೋಕಸ್ ಲೈಟನ್ನು ಮಾವ ಸ್ವಲ್ಪ ಹೊತ್ತು ಆರಿಸಿದರು. ಗುಂಡಿ ಒತ್ತಿದೆ. ನಮ್ಮ ಮನೆ ತಾರಸಿಯಲ್ಲಿ ಒತ್ತಿದ ಕೂಡಲೇ ಅಂಕಿ ಬರುತ್ತಿತ್ತು. ಇಲ್ಲಿ ಬರಲಿಲ್ಲ. ಕತ್ತಲು ಹೆಚ್ಚಿದಷ್ಟೂ ಬೆಳಕು ಕೂಡಿಸಿಕೊಳ್ಳಲು ಮೀಟರಿಗೆ ಹೊತ್ತು ಬೇಕು. ಕೈ ನೋಯುವವರೆಗೆ ಎತ್ತಿ ಹಿಡಿದೇ ಇದ್ದೆ. ಕೊನೆಗೆ ಕೆಂಪಗೆ ಮೂಡಿತು: 21.3. ಮೊದಲನೆಯದನ್ನು ಬಿಟ್ಟು ಇನ್ನೂ ಐದು ಸಲ ಒತ್ತಿದೆ. ಅಲ್ಲೇ ನಿಂತಿತು.

ಹಿಂದಿನ ವಾರ ನಮ್ಮ ತಾರಸಿಯಲ್ಲಿ ಸಿಕ್ಕಿದ್ದು 18.8. ಎರಡೂವರೆ ಅಂಕಿ ವ್ಯತ್ಯಾಸ. ಅಂದರೆ ನಮ್ಮ ಮನೆ ಮೇಲಿನ ಆಕಾಶ ಇದಕ್ಕಿಂತ 10 ಪಟ್ಟು ಬೆಳಗುತ್ತಿದೆ. ಆರು ವರ್ಷದ ನನ್ನ ಮಗ ಇನ್ನೂ ಹಾಲುಹಾದಿ ನೋಡಿಲ್ಲ ಅನ್ನುವುದು ಆಗ ನೆನಪಾಗಿ ಹೊಟ್ಟೆ ಉರಿಯಿತು.

ಇಲ್ಲಿನ ಕತ್ತಲೂ ಪೂರ್ತಿ ಅಲ್ಲ. ಉತ್ತರಕ್ಕೆ ಚಾಮರಾಜನಗರದ ಮೇಲೆ ಮಂಕಾದ ಬೆಳಕು ಗುಡ್ಡೆ ಕಟ್ಟಿತ್ತು. ದಕ್ಷಿಣಕ್ಕೆ, ಬೆಟ್ಟದಾಚೆ ಕೊಯಮತ್ತೂರು ದಿಕ್ಕಿನಲ್ಲೂ ಹಾಗೇ. ಕಾಡಿಗೆ ಬೇಲಿ ಹಾಕಬಹುದು, ಬೆಳಕು ಬೇಲಿ ಹಾರಿ ಬರುತ್ತದೆ.

"ಮಾವ, ಮಳೆ ನಕ್ಷತ್ರಗಳನ್ನ ನೋಡಿದ್ದೀರಾ?" ಅಂದೆ.

"ಹೆಸರು ಗೊತ್ತು ಕಣವ್ವ. ಎಲ್ಲವೆ ಅಂತ ಯಾರು ತೋರ್ಸಿದ್ರು?"

ನೆತ್ತಿಯ ಹತ್ತಿರ ಗೊಂಚಲಾಗಿ ಕೃತ್ತಿಕೆ. ಅಲ್ಲಿಂದ ಪೂರ್ವಕ್ಕೆ ಬಂದರೆ ಕಿತ್ತಳೆ ಬಣ್ಣದ ರೋಹಿಣಿ. ಆಮೇಲೆ ಸಣ್ಣಗೆ ಮೃಗಶಿರ. ಅದರ ಪಕ್ಕದಲ್ಲೇ ಕೆಂಪಗೆ ಆರಿದ್ರ. ಮಳೆ ಬರುವ ಸಾಲಿನಲ್ಲೇ ಒಂದರ ಹಿಂದೆ ಒಂದು. ಆ ಮಳೆಗಳ ಕಾಲಕ್ಕೆ ಸೂರ್ಯ ಅವುಗಳ ಪಕ್ಕದಲ್ಲೇ ಇರುತ್ತಾನೆ, ಅದಕ್ಕೇ ಆಗ ಕಾಣುವುದಿಲ್ಲ. "ಆದ್ರೆ ಆರಿದ್ರ, ಇಲ್ದಿದ್ರೆ ದರಿದ್ರ" ಅಂತ ಮೆಲ್ಲಗೆ ಹೇಳಿಕೊಂಡು ಮಾವ ತುಂಬಾ ಹೊತ್ತು ತಲೆ ಎತ್ತಿಯೇ ಕೂತಿದ್ದರು. ಎಪ್ಪತ್ತು ವರ್ಷ ಆ ಹೆಸರುಗಳನ್ನು ನಂಬಿ ಬಿತ್ತಿದವರು.

ಅಷ್ಟರಲ್ಲಿ ಲೈಟ್ ಹಾಕುವ ಹೊತ್ತಾಯಿತು. ಬಾಳೆ ಗೊನೆ ಬಿಟ್ಟಿದೆ, ಆನೆ ಬರುತ್ತದೆ. ದೀಪ ಆರಿಸಿ ಅಂತ ಅವರಿಗೆ ಹೇಳುವ ಹಕ್ಕು ನನಗಿಲ್ಲ. ಆದರೆ ಆ ಲೈಟು ಮೇಲೆ ಮುಖ ಮಾಡಿ ನೇರ ನಮ್ಮ ಕಣ್ಣಿಗೇ ಹೊಡೆಯುತ್ತಿತ್ತು. ಇಂಥ ನೀಲಿ ಬೆರೆತ ಬಿಳಿ ಬೆಳಕು ಗಾಳಿಯಲ್ಲಿ ಜಾಸ್ತಿ ಚೆದರುತ್ತದೆ. ಕಂಬದ ಬುಡದಲ್ಲಿ ಸತ್ತ ಹುಳಗಳು ಹೊಟ್ಟಿನ ಹಾಗೆ ಬಿದ್ದಿದ್ದವು.

ಮಹಾರಾಷ್ಟ್ರದ ಪೆಂಚ್ ಹುಲಿ ಕಾಡಿನ ಸುದ್ದಿ ಹೇಳಿದೆ. ಅಲ್ಲಿ ಕಾಡಂಚಿನ ಹಳ್ಳಿಗಳ ಬೀದಿದೀಪಗಳನ್ನು ನೆಲ ನೋಡುವ ಹಾಗೆ ಬದಲಾಯಿಸಿದರು. 2024ರಲ್ಲಿ ಅದಕ್ಕೆ ದೇಶದ ಮೊದಲ ಕತ್ತಲಾಕಾಶ ಉದ್ಯಾನ ಅನ್ನುವ ಮನ್ನಣೆ ಸಿಕ್ಕಿತು. ಮಾವ ಕೇಳಿಸಿಕೊಂಡು ಸುಮ್ನೆ ಎದ್ದು ಹೋದರು. ಹಳೇ ಎಣ್ಣೆ ಡಬ್ಬದ ಒಂದು ಮಗ್ಗುಲು ಕತ್ತರಿಸಿ ತಂದು, ಲೈಟನ್ನು ಬಗ್ಗಿಸಿ, ಮೇಲೆ ತಂತಿಯಲ್ಲಿ ಬಿಗಿದರು.

ಮತ್ತೆ ಗುಂಡಿ ಒತ್ತಿದೆ. ನೆತ್ತಿಯ ಅಂಕಿ ಕದಲಲಿಲ್ಲ. ಒಂದು ಲೈಟಿನಿಂದ ಆಕಾಶ ಕೆಡುವುದೂ ಇಲ್ಲ, ಸರಿಹೋಗುವುದೂ ಇಲ್ಲ. ಆದರೆ ಕಣ್ಣಿಗೆ ಹೊಡೆಯುತ್ತಿದ್ದ ಬೆಳಕು ನಿಂತಿತ್ತು. ಅದೇ ಬಲ್ಬು, ಬಾಳೆ ಸಾಲು ಈಗ ಬುಡದವರೆಗೆ ಬೆಳಗಿತ್ತು. ಅದರ ಹಿಂದೆ, ಇಷ್ಟು ಹೊತ್ತು ಬರೀ ಕಪ್ಪಾಗಿದ್ದ ಕಡೆ, ಬೇಲಿಯ ಕಂಬಗಳು ಕಾಣುತ್ತಿದ್ದವು.

ಮಾವ ಅವನ್ನು ಬೆರಳಲ್ಲಿ ಎಣಿಸಿದರು. "ಹನ್ನೊಂದು. ಮುಂಚೆ ಒಂದೂ ಕಾಣ್ತಿರ್ನಿಲ್ಲ." ಆಮೇಲೆ ಗೆಳತಿಯ ಕಡೆ ತಿರುಗಿ, ಪಕ್ಕದ ಹೊಲದವರ ಮನೇಲೂ ಖಾಲಿ ಡಬ್ಬ ಇದಾವಾ ಅಂತ ಬೆಳಿಗ್ಗೆ ಕೇಳು ಅಂದರು.