ತೀರ್ಥಹಳ್ಳಿ ಕಡೆ ಜೇನು ಕೊಳ್ಳಲು ಹೋಗುವವರಿಗೆ

ಶಿವಮೊಗ್ಗ ದಾಟಿ ಆಗುಂಬೆ ದಾರಿ ಹಿಡಿದರೆ ರಸ್ತೆ ಬದಿಯಲ್ಲೆಲ್ಲ ‘ಶುದ್ಧ ಕಾಡುಜೇನು’. ಒಂದು ಕಡೆ ಬಕೆಟ್ಟಿನಲ್ಲಿ ಹಳೇ ಎರಿ ತೇಲಿಬಿಟ್ಟು ಕಿಲೋಗೆ 600 ರೂಪಾಯಿ ಹೇಳಿದರು. ಹಿಂದಿನ ತೋಟದಲ್ಲಿ ನೋಡಿದರೆ ಸಾಲಾಗಿ ಮೆಲ್ಲಿಫೆರಾ (ಪೆಟ್ಟಿಗೆಯಲ್ಲಿ ಸಾಕುವ ವಿದೇಶಿ ಜೇನುಹುಳ) ಪೆಟ್ಟಿಗೆಗಳು! ಅದು ಕೆಟ್ಟ ಜೇನಲ್ಲ, ಆದರೆ ಕಾಡಿನದ್ದೂ ಅಲ್ಲ.

ಹೊರಗಿನಿಂದ ತಂದ ಈ ಹುಳ ನಮ್ಮ ಕಾಡಿನಲ್ಲಿ ತಾನಾಗಿ ನೆಲೆ ನಿಲ್ಲುವುದಿಲ್ಲ. ಒಂದು ಕಾರಣ, ಜೇನುಹುಳದ ಮೈಗೆ ಅಂಟಿ ಬದುಕುವ ವರೋವಾ ನುಸಿ. ಅದರ ಮೂಲ ಆಸರೆಯೇ ನಮ್ಮ ನಾಡಿನ ಜೇನುಹುಳ ತುಡುವೆ. ತುಡುವೆ ಅದನ್ನು ತಾಳಿಕೊಂಡಿದೆ, ಮೆಲ್ಲಿಫೆರಾಕ್ಕೆ ಸಾಕುವವರ ಆರೈಕೆ ಬೇಕು. ಹವಾಯಿ ದ್ವೀಪಗಳಿಗೆ 1857ರಲ್ಲಿ ಒಯ್ದ ಇದೇ ಹುಳ ಅಲ್ಲಿ ಕಾಡು ಸೇರಿ ಹಾಯಾಗಿ ಬದುಕಿತ್ತು, ಯಾಕೆಂದರೆ ನುಸಿ ಇರಲಿಲ್ಲ. 2007ರಲ್ಲಿ ಓಅಹು ದ್ವೀಪಕ್ಕೆ ನುಸಿ ಬಂದ ಮೇಲೆ ಅಲ್ಲೂ ಕಾಡಿನ ಗೂಡುಗಳು ಸತ್ತವು.

ಪೆಟ್ಟಿಗೆಯ ಬಾಗಿಲಲ್ಲಿ ರೆಕ್ಕೆ ಬೀಸುವ ಹುಳ ನೋಡಿ: ತಲೆ ಹೊರಗೆ ಮಾಡಿದ್ದರೆ ತುಡುವೆ, ಒಳಗೆ ಮಾಡಿದ್ದರೆ ಮೆಲ್ಲಿಫೆರಾ. ಬೆಂಕಿಕಡ್ಡಿ, ನೀರಿನ ಲೋಟದ ಪರೀಕ್ಷೆಗಳನ್ನು ನಂಬಬೇಡಿ. ಹರಳುಗಟ್ಟಿದ್ದೆಲ್ಲ ಸಕ್ಕರೆಪಾಕವೂ ಅಲ್ಲ. ತೂಕ ಹಾಕಿಸಿಯೇ ಕೊಳ್ಳಿ. ಒಂದು ಲೀಟರ್ ಜೇನು ಸುಮಾರು 1.4 ಕಿಲೋ ತೂಗಬೇಕು. ತೀರಾ ಕಡಿಮೆ ಬಂದರೆ ನೀರು ಹೆಚ್ಚಿದೆ ಎಂದೇ ಅರ್ಥ. (ಗಟ್ಟಿ ಪಾಕ ಬೆರೆಸಿದ್ದರೆ ಈ ಲೆಕ್ಕಕ್ಕೂ ಸಿಗದು.)

ಹೋಗುವುದಾದರೆ ಏಪ್ರಿಲ್, ಮೇ. ಮಳೆ ಹಿಡಿಯುವ ಹೊತ್ತಿಗೆ ಹೆಜ್ಜೇನು ಬಯಲುಸೀಮೆಗೆ ಇಳಿದಿರುತ್ತದೆ, ಆಗಸ್ಟಿನಲ್ಲಿ ‘ನಿನ್ನೆ ಕೊಯ್ದ ಹೆಜ್ಜೇನು’ ಅಂದರೆ ನಕ್ಕು ಮುಂದೆ ನಡೆಯಿರಿ.

ಆಗುಂಬೆಯ ಸೂರ್ಯಾಸ್ತದ ಜನಜಂಗುಳಿ ನಮಗಂತೂ ಬೇಡ. ಅದರ ಬದಲು ತೀರ್ಥಹಳ್ಳಿ ಪೇಟೆಯ ಸಣ್ಣ ಮೆಸ್ಸುಗಳಲ್ಲಿ ಕೂತು ಉಣ್ಣಿ. ಬಿಸಿ ಕಡುಬಿಗೆ ಕಾಯಿಚಟ್ನಿ, ಮಧ್ಯಾಹ್ನ ಕುಚಲಕ್ಕಿ ಅನ್ನಕ್ಕೆ ಒಂದೆಲಗದ ತಂಬುಳಿ, ಮಾವಿನ ಕಾಲದಲ್ಲಿ ಒಗ್ಗರಣೆ ಘಮಘಮಿಸುವ ಅಪ್ಪೆಹುಳಿ. ಅಪ್ಪೆಹುಳಿಯನ್ನು ಲೋಟದಲ್ಲೇ ಕೇಳಿ ಕುಡಿಯಿರಿ, ಎರಡನೇ ಲೋಟಕ್ಕೆ ಯಾರೂ ಮುಖ ಗಂಟಿಕ್ಕುವುದಿಲ್ಲ. ಹೆದ್ದಾರಿ ರೆಸಾರ್ಟಿನ ಒಂದು ತಿಂಡಿಯ ದುಡ್ಡಿನಲ್ಲಿ ಇಲ್ಲಿ ಮನೆಮಂದಿಯೆಲ್ಲ ಉಣ್ಣಬಹುದು.

ಕೋಟೆ, ಬಂಡೆ, ದೊಡ್ಡ ಮರಗಳಲ್ಲಿ ಹೆಜ್ಜೇನು ತೂಗುತ್ತಿದ್ದರೆ ಹೊಗೆ, ಸೆಂಟು, ಕಲ್ಲೆಸೆತ ಬೇಡವೇ ಬೇಡ. ಎದ್ದರೆ ಮುಖ ಮುಚ್ಚಿಕೊಂಡು ಓಡಿ, ಕಾರು ಅಥವಾ ಮನೆಯೊಳಗೆ ಸೇರಿ. ನೀರಿಗೆ ಹಾರಿದರೆ ಮೇಲೇ ಕಾಯುತ್ತವೆ. ಮುಳ್ಳನ್ನು ಉಗುರಿನಿಂದ ಕೆರೆದು ಕೂಡಲೇ ತೆಗೆಯಿರಿ. ತಡವಾದಷ್ಟೂ ವಿಷ ಇಳಿಯುತ್ತದೆ.

ಮಲೆನಾಡಿನ ಜೇನಿನಲ್ಲಿ ನೀರಿನಂಶ ಜಾಸ್ತಿ, ಬೇಗ ಹುದುಗುತ್ತದೆ. ಬಾಟಲಿಯಲ್ಲಿ ಎರಡು ಬೆರಳಷ್ಟು ಖಾಲಿ ಬಿಟ್ಟು ತುಂಬಿಸಿ, ಬಸ್ಸಿನ ಇಂಜಿನ್ ಪಕ್ಕ ಇಡಬೇಡಿ. ವರ್ಷ ತುಂಬದ ಕೂಸಿಗೆ ನೆಕ್ಕಿಸಲೂಬೇಡಿ.