ಅಡ್ಮಿನ್ ಅಕೌಂಟ್‌ಗೆ ಬೀಗ ಹಾಕಿದ್ದು ಯಾರು?

ಅಕ್ಕನ ಕಂಪ್ಯೂಟರ್‌ನಲ್ಲಿ ಎರಡು ಅಕೌಂಟ್‌ಗಳಿವೆ. ದಿನದ ಕೆಲಸಕ್ಕೆ ಒಂದು ಮಾಮೂಲಿ ಅಕೌಂಟ್. ಸಾಫ್ಟ್‌ವೇರ್ ಹಾಕುವುದು, ತೆಗೆಯುವುದು, ಸೆಟ್ಟಿಂಗ್ ಬದಲಿಸುವುದು, ಇಂಥದ್ದಕ್ಕೆ ಮಾತ್ರ ಅಡ್ಮಿನ್ ಅಕೌಂಟ್. ಹೀಗೆ ಬೇರೆ ಬೇರೆ ಇಟ್ಟರೆ, ಯಾವುದೋ ಕೆಟ್ಟ ಫೈಲ್ ತೆರೆದುಬಿಟ್ಟರೂ ಇಡೀ ಕಂಪ್ಯೂಟರ್ ಅದರ ಕೈಗೆ ಸುಲಭಕ್ಕೆ ಸಿಗುವುದಿಲ್ಲ. ಆದರೆ ಅಡ್ಮಿನ್ ಅಕೌಂಟೇ ಕೈಕೊಟ್ಟರೆ?

ಒಂದು ದಿನ ಅವಳು ಪ್ರಿಂಟರ್ ಡ್ರೈವರ್ ಹಾಕಲು ಹೋದಳು. ಅಡ್ಮಿನ್ ಪಾಸ್‌ವರ್ಡ್ ಕೇಳಿತು, ಕೊಟ್ಟಳು. ಅಕೌಂಟ್ ಲಾಕ್ ಆಗಿದೆ, ಈಗ ಲಾಗಿನ್ ಆಗಲು ಬರುವುದಿಲ್ಲ ಎಂಬ ಉತ್ತರ ಬಂತು. ಅದೇ ವಾರದಿಂದ ಪರದೆಯ ಬಲ ಮೂಲೆಯಲ್ಲಿ 'ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ' ಎಂಬ ಪುಟ್ಟ ಪೆಟ್ಟಿಗೆಗಳು ಬೇರೆ ಮೇಲೇಳುತ್ತಿದ್ದವು. ಎರಡನ್ನೂ ಸೇರಿಸಿ ನೋಡಿ ಅವಳಿಗೆ ಎದೆ ಧಸಕ್ಕೆಂದಿದೆ. ನಾಲ್ಕಾರು ಸಣ್ಣ ವ್ಯಾಪಾರಗಳ ಲೆಕ್ಕಪತ್ರ ನೋಡಿಕೊಳ್ಳುವುದು ಅವಳ ಕೆಲಸ. 'ನನ್ನದಾಗಿದ್ರೆ ಹೋಗ್ಲಿ ಅನ್ಬಹುದಿತ್ತು. ಬೇರೆಯವರ ಲೆಕ್ಕ ಕಣೋ' ಎಂದಳು ಫೋನಿನಲ್ಲಿ. ಅವಳ ಮಗ ಆಗಲೇ ಫಾರ್ಮ್ಯಾಟ್ ಹೊಡೆಯುವ ಮಾತಾಡುತ್ತಿದ್ದ.

'ಏನೂ ಮುಟ್ಟಬೇಡ, ಬರ್ತೀನಿ. ನೆಟ್ ಕೇಬಲ್ ಮಾತ್ರ ಕಿತ್ತು ಪಕ್ಕಕ್ಕಿಡು' ಎಂದೆ. ಮಾಲ್‌ವೇರ್, ಅಂದರೆ ವೈರಸ್‌ನಂಥ ಕೆಟ್ಟ ಪ್ರೋಗ್ರಾಂ ಇದ್ದರೆ ಅದು ಹೊರಗಿನವರ ಜೊತೆ ಮಾತಾಡುವುದು, ಇನ್ನಷ್ಟು ಫೈಲ್‌ಗಳನ್ನು ತರಿಸಿಕೊಳ್ಳುವುದು ಅಲ್ಲಿಗೆ ನಿಲ್ಲುತ್ತದೆ. ಮುಂದೆ ಇಡೀ ಕತೆಗೆ ತಿರುವು ಕೊಟ್ಟದ್ದೂ ಆ ಕೇಬಲ್ಲೇ.

ಹೋದ ಮೇಲೆ ಮೊದಲು ಮಾಡಿದ್ದು ಲೆಕ್ಕದ ಫೈಲ್‌ಗಳನ್ನು ಉಳಿಸಿಕೊಳ್ಳುವ ಕೆಲಸ. ಮಾಮೂಲಿ ಅಕೌಂಟ್ ತೆರೆಯುತ್ತಿತ್ತು, ಹಾಗಾಗಿ ಕಷ್ಟವಾಗಲಿಲ್ಲ. ಆದರೆ ಅಕ್ಕ ತನ್ನ ಹಳೆಯ ಬ್ಯಾಕಪ್ ಡಿಸ್ಕ್ ತಂದು ಚುಚ್ಚಲು ಹೊರಟಾಗ ತಡೆದೆ. ಒಳಗೆ ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಮಾಲ್‌ವೇರ್) ಏನಾದರೂ ಕೂತಿದ್ದರೆ ಆ ಡಿಸ್ಕನ್ನೂ ಬಿಡುವುದಿಲ್ಲ. ಇರುವ ಒಂದೇ ಒಳ್ಳೆಯ ಪ್ರತಿಯನ್ನು ಅನುಮಾನವಿರುವ ಕಂಪ್ಯೂಟರ್‌ಗೆ ಜೋಡಿಸಲೇಬಾರದು. ಒಂದು ಖಾಲಿ ಡಿಸ್ಕ್ ತಂದು ಅದಕ್ಕೆ ಕಾಪಿ ಮಾಡಿದೆವು.

ಆಮೇಲೆ ಅಕ್ಕನನ್ನು ಕೂರಿಸಿಕೊಂಡು ಕೇಳಿದೆ: ಯಾವಾಗಿಂದ ಹೀಗೆ? ಪರದೆ ಮೇಲೆ ಬಂದದ್ದು ಏನು, ಬಂದ ಹಾಗೆಯೇ ಹೇಳು. ಇದು ತುಂಬಾ ಮುಖ್ಯ. ಪಾಸ್‌ವರ್ಡ್ ತಪ್ಪಾಗಿದೆ, ಅಕೌಂಟ್ ನಿಷ್ಕ್ರಿಯವಾಗಿದೆ, ಅಕೌಂಟ್ ಲಾಕ್ ಆಗಿದೆ, ಇವು ಮೂರೂ ಬೇರೆ ಬೇರೆ ಸಂಗತಿಗಳು. ಪಾಸ್‌ವರ್ಡನ್ನು ಯಾರೋ ಬದಲಿಸಿದ್ದರೆ ಮೊದಲನೆಯದು ಬರುತ್ತದೆ. ಅಕೌಂಟನ್ನೇ ಯಾರೋ ಆಫ್ ಮಾಡಿದ್ದರೆ ಎರಡನೆಯದು. ಲಾಕ್ ಎಂಬುದು ಬರುವುದು, ಕಡಿಮೆ ಹೊತ್ತಿನಲ್ಲಿ ತಪ್ಪು ಪಾಸ್‌ವರ್ಡ್ ತುಂಬಾ ಸಲ ಬಿದ್ದಾಗ. ಅಕ್ಕ ಇನ್ನೊಂದು ಮಾತು ಹೇಳಿದಳು. 'ನಿನ್ನೆ ಒಂದ್ಸಲ ಬಿಟ್ಟಿತ್ತು ಕಣೋ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೋದ್ರೆ ಲಾಕ್.' ಬಂದು ಹೋಗುವ ಬೀಗ! ಮಾಲ್‌ವೇರ್ ಅಕೌಂಟನ್ನು ಆಫ್ ಮಾಡಿದ್ದರೆ ಹೀಗೆ ಬಂದು ಹೋಗುತ್ತಿರಲಿಲ್ಲ.

ಅಷ್ಟರಲ್ಲಿ ಅವಳ ಮಗ ಒಂದು ವಿಡಿಯೊ ಹುಡುಕಿಟ್ಟಿದ್ದ. ಲಾಗಿನ್ ಪರದೆಯಲ್ಲಿ ಇರುವ ಆಕ್ಸೆಸಿಬಿಲಿಟಿ ಗುಂಡಿಯ ಫೈಲನ್ನು ತೆಗೆದು, ಅದರ ಜಾಗದಲ್ಲಿ ಕಮಾಂಡ್ ಪ್ರಾಂಪ್ಟ್ (ಕಂಪ್ಯೂಟರ್‌ಗೆ ಟೈಪ್ ಮಾಡಿ ಆದೇಶ ಕೊಡುವ ಕಿಟಕಿ) ಕೂರಿಸಿ, ಅಲ್ಲಿಂದಲೇ ಪಾಸ್‌ವರ್ಡ್ ಬದಲಿಸುವ ವಿದ್ಯೆ. ಹಳೆಯ ತಂತ್ರ, ನಿಜಕ್ಕೂ ಇದೆ. ಆದರೆ ಕಳ್ಳರೂ ಬಳಸುವುದು ಇದನ್ನೇ. ಹಾಗೆ ಬದಲಿಸಿದ ಫೈಲ್ ಉಳಿದುಬಿಟ್ಟರೆ ಲಾಗಿನ್ ಆಗದೆಯೇ ಯಾರು ಬೇಕಾದರೂ ಒಳಗೆ ಬರಬಹುದು. ಇನ್ನೊಂದು ತೊಂದರೆಯೂ ಇದೆ. ಲೋಕಲ್ ಅಕೌಂಟ್‌ನ, ಅಂದರೆ ಆ ಕಂಪ್ಯೂಟರ್‌ನಲ್ಲಷ್ಟೇ ಇರುವ ಅಕೌಂಟ್‌ನ, ಪಾಸ್‌ವರ್ಡನ್ನು ಹೊರಗಿನಿಂದ ಬಲವಂತವಾಗಿ ಬದಲಿಸಿದರೆ, ಆ ಅಕೌಂಟ್‌ನಲ್ಲಿ ವಿಂಡೋಸ್ ಕಾಪಾಡಿಟ್ಟ ಪಾಸ್‌ವರ್ಡ್‌ಗಳು, ವಿಂಡೋಸ್‌ನದೇ ಇಎಫ್‌ಎಸ್ ಸೌಲಭ್ಯದಲ್ಲಿ ಎನ್‌ಕ್ರಿಪ್ಟ್ ಮಾಡಿದ (ಬೇರೆಯವರು ಓದಲಾಗದಂತೆ ಬದಲಿಸಿಟ್ಟ) ಫೈಲ್‌ಗಳು ಕೈತಪ್ಪಿ ಹೋಗಬಹುದು. ಅವಕ್ಕೆಲ್ಲ ಹಳೆಯ ಪಾಸ್‌ವರ್ಡೇ ಬೇರು. ಮನೆಗೆ ನುಗ್ಗಲು ದಾರಿ ಹೇಳಿಕೊಡುವ ವಿಡಿಯೊಗಳು ಬೇಕಾದಷ್ಟಿವೆ. ಬೀಗ ಯಾಕೆ ಬಿತ್ತು ಎಂದು ಕೇಳುವುದು ಮಾತ್ರ ಕಡಿಮೆ. ನನಗೆ ಬೇಸರವಾಗುವುದು ಅದಕ್ಕೇ.

ನಾವು ಸೇಫ್ ಮೋಡ್ ದಾರಿ ಹಿಡಿದೆವು, ಅಂದರೆ ತೀರಾ ಅಗತ್ಯವಾದವುಗಳನ್ನು ಮಾತ್ರ ಓಡಿಸಿ ವಿಂಡೋಸ್ ಏಳಿಸುವ ದಾರಿ. ಲಾಗಿನ್ ಪರದೆಯಲ್ಲೇ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ಟರೆ ರಿಕವರಿ ಮೆನು ಬರುತ್ತದೆ. ಅದಕ್ಕೆ ಲಾಗಿನ್ ಬೇಕಿಲ್ಲ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್. ಅಲ್ಲಿ 4 ಒತ್ತಿದರೆ ನೆಟ್‌ವರ್ಕ್ ಇಲ್ಲದ ಸೇಫ್ ಮೋಡ್. ಆದರೆ ನಡುವೆ ಬಿಟ್‌ಲಾಕರ್ (ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿಡುವ ವಿಂಡೋಸ್ ಸೌಲಭ್ಯ) ನೀಲಿ ಪರದೆ ಬಂದು ರಿಕವರಿ ಕೀ ಕೇಳಿತು. 48 ಅಂಕೆಗಳು.

ಅಕ್ಕ ಎದ್ದು ಹೋಗಿ ಒಂದು ಫೈಲ್ ತಂದಳು. ಬಿಟ್‌ಲಾಕರ್ ಆನ್ ಮಾಡಿದ ದಿನವೇ ಕೀ ಪ್ರಿಂಟ್ ತೆಗೆದು ಇಟ್ಟಿದ್ದಾಳೆ! ನಿಜಕ್ಕೂ ಅವಳನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಆ ಹಾಳೆ ಇಲ್ಲದಿದ್ದರೆ, ಕೀ ಬೇರೆಲ್ಲೂ ಉಳಿಸಿಲ್ಲದಿದ್ದರೆ, ಈ ದಾರಿ ಅಲ್ಲಿಗೇ ಮುಗಿಯುತ್ತಿತ್ತು. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗುವವರಿಗೆ ಕೀ ಸಾಮಾನ್ಯವಾಗಿ ಆ ಅಕೌಂಟ್‌ನಲ್ಲೇ ಸಿಗುತ್ತದೆ. ಇವಳದು ಲೋಕಲ್ ಅಕೌಂಟ್, ಹಾಳೆಯೇ ಗತಿ.

ಅಕ್ಕ ಓದುತ್ತಾ ಹೋದಳು, ನಾನು ಒತ್ತುತ್ತಾ ಹೋದೆ. ಆರು ಅಂಕೆಗಳ ಎಂಟು ಗುಂಪು. ಇದರಲ್ಲೊಂದು ಜಾಣತನ ಇದೆ. ಪ್ರತಿ ಗುಂಪಿನ ಸಂಖ್ಯೆಯೂ 11ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಹಾಗಾಗಿ ಒಂದು ಅಂಕೆ ತಪ್ಪಾದರೂ ಕಂಪ್ಯೂಟರ್‌ಗೆ ಯಾವ ಗುಂಪಿನಲ್ಲಿ ತಪ್ಪಿದೆ ಎಂದು ಗೊತ್ತಾಗುತ್ತದೆ. ಮಾಸಿದ ಪ್ರಿಂಟ್‌ನಲ್ಲಿ 7 ಇದ್ದದ್ದು 1ರ ಹಾಗೆ ಕಂಡಿತ್ತು. ಅಲ್ಲೇ ತಡೆಯಿತು. ಅಕ್ಕ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು 'ಏಳು, ಏಳು' ಎಂದಳು. ತಿದ್ದಿದೆ, ಮುಂದಕ್ಕೆ ಹೋಯಿತು.

ಸೇಫ್ ಮೋಡ್‌ನಲ್ಲಿ ಅಡ್ಮಿನ್ ಪಾಸ್‌ವರ್ಡ್ ಕೊಟ್ಟಳು. ಒಳಗೆ ಬಿಟ್ಟಿತು. ಹಳೆಯ ಪಾಸ್‌ವರ್ಡೇ, ಅದೇ ಅಕೌಂಟ್. 'ಹಾಗಾದ್ರೆ ವೈರಸ್ಸೇ ಅಲ್ವಾ? ಸೇಫ್ ಮೋಡ್‌ನಲ್ಲಿ ಅದು ಓಡಲ್ಲ, ಅದಕ್ಕೇ ಬಿಡ್ತು' ಎಂದ ಅವಳ ಮಗ. ಹಾಗೆ ಅನ್ನಿಸುವುದು ಸಹಜ. ಆದರೆ ಅಲ್ಲಿ ಬದಲಾಗಿದ್ದು ಎರಡು ಸಂಗತಿ: ಸೇಫ್ ಮೋಡ್ ಒಂದು, ಕೇಬಲ್ ಇಲ್ಲದ್ದು ಇನ್ನೊಂದು. ಕೇಬಲ್ ಹಾಕದೆಯೇ ಮಾಮೂಲಿನಂತೆ ಬೂಟ್ ಮಾಡಿದೆವು. ಆಗಲೂ ಅಡ್ಮಿನ್ ತೆರೆಯಿತು. ಅಂದಮೇಲೆ ಬೀಗ ಬೀಳುತ್ತಿದ್ದುದು ನೆಟ್ ಇದ್ದಾಗ ಮಾತ್ರ.

ಉತ್ತರ ಇದ್ದದ್ದು ಈವೆಂಟ್ ವ್ಯೂವರ್‌ನಲ್ಲಿ. ಕಂಪ್ಯೂಟರ್‌ನಲ್ಲಿ ನಡೆದದ್ದನ್ನೆಲ್ಲ ಒಂದೊಂದು ಸಂಖ್ಯೆ ಕೊಟ್ಟು ಬರೆದಿಟ್ಟ ದಾಖಲೆ, ಅಂದರೆ ಲಾಗ್, ತೋರಿಸುವುದು ಅದು. ಅದರ ಸೆಕ್ಯುರಿಟಿ ಲಾಗ್ ನೋಡಲು ಅಡ್ಮಿನ್ ಹಕ್ಕು ಬೇಕು. ಮೊದಲೇ ನೋಡಲು ಆಗದಿದ್ದುದು ಅದಕ್ಕೆ. ವಿಫಲ ಲಾಗಿನ್‌ಗಳನ್ನೂ ಬರೆದಿಡುವ ಸೆಟ್ಟಿಂಗ್ ಪುಣ್ಯಕ್ಕೆ ಆನ್ ಇತ್ತು. ತೆರೆದರೆ 4625, 4625, 4625. ಸ್ಕ್ರೋಲ್ ಮಾಡಿದಷ್ಟೂ ಅದೇ. 4625 ಎಂದರೆ ಲಾಗಿನ್ ವಿಫಲ. ನಡುನಡುವೆ 4740, ಅಂದರೆ ಅಕೌಂಟ್ ಲಾಕ್ ಆಯಿತು. ಒಂದು ಸಾಲು ತೆರೆದು ನೋಡಿದರೆ ಪ್ರಯತ್ನಿಸಿದ ಹೆಸರು, ಬಂದ ಐಪಿ ವಿಳಾಸ (ನೆಟ್‌ನಲ್ಲಿ ಕಂಪ್ಯೂಟರ್‌ನ ವಿಳಾಸ), ಕಾರಣದ ಕೋಡ್ ಎಲ್ಲವೂ ಇವೆ. ಹೆಚ್ಚಿನವುಗಳಲ್ಲಿ ಕೋಡ್ 0xC0000064, ಅಂಥ ಹೆಸರಿನ ಬಳಕೆದಾರರೇ ಇಲ್ಲ ಎಂದು. ಟೆಸ್ಟ್, ಯೂಸರ್, ಸ್ಕ್ಯಾನ್ ಎಂದೆಲ್ಲ ಸುಮ್ನೆ ಊಹಿಸಿ ನೋಡುತ್ತಿದ್ದರು. ಆದರೆ 'ಅಡ್ಮಿನ್' ಎಂಬ ಹೆಸರಿನ ಸಾಲುಗಳಲ್ಲಿ ಕೋಡ್ 0xC000006A. ಹೆಸರು ಸರಿ, ಪಾಸ್‌ವರ್ಡ್ ತಪ್ಪು. ಅಕ್ಕನ ಅಡ್ಮಿನ್ ಅಕೌಂಟ್‌ನ ಹೆಸರೂ ಅದೇ ಆಗಿತ್ತು.

ಅಂದರೆ ಹೊರಗಿನಿಂದ ಯಾವುದೋ ಪ್ರೋಗ್ರಾಂ ಹಗಲು ರಾತ್ರಿ ಪಾಸ್‌ವರ್ಡ್ ಊಹಿಸುತ್ತಿತ್ತು. ಹೇಗೆ? ದೂರದಿಂದಲೇ ಕಂಪ್ಯೂಟರ್ ನಡೆಸುವ ಸೌಲಭ್ಯ, ರಿಮೋಟ್ ಡೆಸ್ಕ್‌ಟಾಪ್, ಆನ್ ಇತ್ತು. ರೌಟರ್‌ನಲ್ಲಿ ಅದರ ಬಾಗಿಲಾದ 3389 ಪೋರ್ಟ್ ನೇರವಾಗಿ ಈ ಕಂಪ್ಯೂಟರ್‌ಗೆ ಬರುವಂತೆ ತೆರೆದಿತ್ತು. ಲೆಕ್ಕದ ಸಾಫ್ಟ್‌ವೇರ್ ಹಾಕಲು ಬಂದಿದ್ದವರು ಮುಂದೆ ದೂರದಿಂದಲೇ ರಿಪೇರಿ ಮಾಡಲು ಅನುಕೂಲ ಎಂದು ಮಾಡಿಟ್ಟು ಹೋಗಿದ್ದರಂತೆ. ಅಕ್ಕನಿಗೆ ಹೇಳಿರಲಿಲ್ಲ.

ಬೀಗ ಹಾಕಿದ್ದು ವಿಂಡೋಸೇ. 2022ರ ಅಕ್ಟೋಬರ್‌ನಿಂದ ಈಚೆಗೆ ಹೊಸದಾಗಿ ಸಿದ್ಧವಾದ ವಿಂಡೋಸ್ 11 ಕಂಪ್ಯೂಟರ್‌ಗಳಲ್ಲಿ ಒಂದು ನಿಯಮ ತಾನಾಗಿಯೇ ಬರುತ್ತದೆ: 10 ನಿಮಿಷದೊಳಗೆ 10 ಸಲ ತಪ್ಪು ಪಾಸ್‌ವರ್ಡ್ ಬಿದ್ದರೆ ಅಕೌಂಟ್ 10 ನಿಮಿಷ ಲಾಕ್. ಹತ್ತು ನಿಮಿಷ ಕಳೆದು ತೆರೆದ ಕೂಡಲೇ ಹೊರಗಿನವರು ಮತ್ತೆ ಬಡಿಯುತ್ತಿದ್ದರು, ಮತ್ತೆ ಲಾಕ್. ನಡುವಿನ ಆ ಸಣ್ಣ ಸಂದಿಯಲ್ಲಿ ಅಕ್ಕನಿಗೆ ಒಂದ್ಸಲ ದಾರಿ ಸಿಕ್ಕಿತ್ತು ಅಷ್ಟೆ. ಲಾಕ್ ಆಗುವ ಕಾಟ ತಪ್ಪಿಸಲು ಆ ನಿಯಮವನ್ನೇ ಸೊನ್ನೆ ಮಾಡಿ ಎಂದು ಸಲಹೆ ಕೊಡುವವರಿದ್ದಾರೆ. ಹಾಗೆ ಮಾಡಿದ್ದರೆ ಅಕ್ಕ ಆರಾಮಾಗಿ ಒಳಗೆ ಹೋಗುತ್ತಿದ್ದಳು. ಹೊರಗಿನವರೂ ಎಷ್ಟು ಬೇಕಾದರೂ ಊಹಿಸುತ್ತಾ ಕೂರಬಹುದಿತ್ತು. ಲೆಕ್ಕಪತ್ರಗಳನ್ನು ಅಷ್ಟು ದಿನ ಕಾದದ್ದು, ಅವಳು ಹೆದರಿದ ಆ ಬೀಗವೇ.

ಸಮಾಧಾನವಾಯಿತು ನಿಜ, ಆದರೆ ಅಲ್ಲಿಗೆ ಬಿಡುವಂತಿರಲಿಲ್ಲ. ಯಾರಾದರೂ ಒಳಗೆ ಬಂದಿದ್ದಾರಾ ಎಂಬುದೇ ದೊಡ್ಡ ಪ್ರಶ್ನೆ. ಲಾಗಿನ್ ಯಶಸ್ವಿಯಾದರೆ ಲಾಗ್‌ನಲ್ಲಿ ಬೀಳುವ ಗುರುತಿನ ಸಂಖ್ಯೆ 4624. ಆ ಸಂಖ್ಯೆಯ ಸಾಲುಗಳಲ್ಲಿ ಹೊರಗಿನ ವಿಳಾಸದ್ದು ಒಂದೂ ಇರಲಿಲ್ಲ. ಆದರೆ ಸೆಕ್ಯುರಿಟಿ ಲಾಗ್‌ನ ಗಾತ್ರ ಸಾಮಾನ್ಯವಾಗಿ 20 ಎಂಬಿ. ತುಂಬಿದರೆ ಹಳೆಯದು ಅಳಿಸಿಹೋಗುತ್ತದೆ. ಇಷ್ಟೊಂದು ದಾಳಿ ನಡೆದಿರುವಾಗ ಲಾಗ್‌ನಲ್ಲಿ ಉಳಿದದ್ದು ಇತ್ತೀಚಿನ ದಿನಗಳದ್ದು ಮಾತ್ರ. ಅದರ ಹಿಂದಿನದಕ್ಕೆ ಸಾಕ್ಷಿ ಇಲ್ಲ. ಅದಕ್ಕೇ ಬೇರೆ ಗುರುತುಗಳನ್ನು ಹುಡುಕಿದೆವು. ಅಡ್ಮಿನಿಸ್ಟ್ರೇಟರ್ಸ್ ಗುಂಪಿನಲ್ಲಿ ಗೊತ್ತಿಲ್ಲದ ಹೆಸರಿದೆಯಾ? ತಾವಾಗಿಯೇ ಓಡುವ ಪ್ರೋಗ್ರಾಂಗಳ ಪಟ್ಟಿಗಳಲ್ಲಿ, ಅಂದರೆ ಟಾಸ್ಕ್ ಶೆಡ್ಯೂಲರ್‌ನಲ್ಲಿ, ಸ್ಟಾರ್ಟಪ್‌ನಲ್ಲಿ, ಹೊಸದೇನಾದರೂ ಸೇರಿದೆಯಾ? ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್‌ಗೆ ಇಂಥ ಫೋಲ್ಡರ್ ನೋಡಬೇಡ ಎಂದು ಯಾರಾದರೂ ಹೇಳಿದ್ದಾರಾ? ಒಳಗೆ ಬಂದವರು ಈ ಕೊನೆಯದನ್ನು ಎಷ್ಟೋ ಸಲ ಮಾಡಿರುತ್ತಾರೆ, ನೋಡುವವರು ಕಡಿಮೆ. ಎಲ್ಲೂ ಏನೂ ಸಿಗಲಿಲ್ಲ. ಕೊನೆಗೆ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಓಡಿಸಿದೆವು. ವಿಂಡೋಸ್ ಪೂರ್ತಿ ಏಳುವ ಮೊದಲೇ ಅದು ನಡೆಯುವುದರಿಂದ ಅಡಗಿ ಕೂರುವಂಥವಕ್ಕೆ ತಪ್ಪಿಸಿಕೊಳ್ಳಲು ಕಷ್ಟ. ಅದರಲ್ಲೂ ಏನೂ ಬರಲಿಲ್ಲ.

ಮೂಲೆಯ ವೈರಸ್ ಪೆಟ್ಟಿಗೆಗಳು? ಅವು ಬ್ರೌಸರ್‌ನ ನೋಟಿಫಿಕೇಶನ್‌ಗಳು. ಯಾವುದೋ ಸೈಟ್ 'ಅಲೋ' ಒತ್ತಿಸಿಕೊಂಡಿತ್ತು. ಬ್ರೌಸರ್ ಸೆಟ್ಟಿಂಗ್‌ನಲ್ಲಿ ಅದರ ಅನುಮತಿ ತೆಗೆದ ಮೇಲೆ ನಿಂತವು.

ರೌಟರ್‌ನಲ್ಲಿ ಪೋರ್ಟ್ ಮುಚ್ಚಿ, ಅದರ ಪಾಸ್‌ವರ್ಡ್ ಬದಲಿಸಿದೆವು. ರಿಮೋಟ್ ಡೆಸ್ಕ್‌ಟಾಪ್ ಆಫ್ ಮಾಡಿದೆವು. ಅಡ್ಮಿನ್ ಅಕೌಂಟ್‌ಗೆ ಯಾರೂ ಊಹಿಸಲಾಗದ ಹೆಸರಿಟ್ಟು, ಉದ್ದದ ಹೊಸ ಪಾಸ್‌ವರ್ಡ್ ಹಾಕಿದೆವು. ಇಮೇಲ್, ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಅಕ್ಕ ತನ್ನ ಫೋನಿನಿಂದಲೇ ಬದಲಿಸಿದಳು. ಆಮೇಲೆ ಕೇಬಲ್ ಹಾಕಿ, ಲಾಗ್ ತೆರೆದಿಟ್ಟು ನೋಡುತ್ತಾ ಕೂತೆವು. ಹೊಸ 4625 ಬರಲಿಲ್ಲ.

ಸಾಫ್ಟ್‌ವೇರ್‌ನವರಿಗೆ ಅಕ್ಕ ತಾನೇ ಫೋನ್ ಮಾಡಿದಳು. ಜಗಳವಾಡುತ್ತಾಳೆ ಅಂದುಕೊಂಡಿದ್ದೆ, ಇಲ್ಲ. 'ನಮ್ಮಲ್ಲಿ ಮುಚ್ಚಿಸಿದ್ದೀನಿ. ಇನ್ನು ಮೇಲೆ ನೋಡಬೇಕಾದಾಗ ನನ್ನನ್ನ ಕೇಳಿ, ನಾನು ಒಪ್ಪಿಗೆ ಕೊಟ್ಟಾಗ ಮಾತ್ರ ಒಳಗೆ ಬನ್ನಿ' ಎಂದಳು. ಆಮೇಲೆ ಕೇಳಿದಳು: 'ಬೇರೆ ಎಲ್ಲೆಲ್ಲಿ ಹೀಗೆ ತೆರೆದಿಟ್ಟಿದ್ದೀರಿ?' ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹೆಚ್ಚಿನ ಕಡೆ ಹಾಗೇ ಇದೆ ಮೇಡಂ, ಎಂದರಂತೆ. ಸಂಜೆ ಅವರೇ ಮತ್ತೆ ಫೋನ್ ಮಾಡಿದರು. ಲಾಗ್‌ನಲ್ಲಿ ಯಾವ ಸಂಖ್ಯೆ ನೋಡಬೇಕು ಎಂದು ಕೇಳಿದರು. ಅಕ್ಕ ಬರೆದಿಟ್ಟುಕೊಂಡಿದ್ದಳು. ಒಂದೊಂದೇ ಓದಿ ಹೇಳಿದಳು, ಅವರು ಬರೆದುಕೊಂಡರು.