ಗೆಳೆತನದ ಕರಾರುಪತ್ರಗಳು: ಮಡಿಕೇರಿಯಿಂದ ಕಂಡ ಅಮೆರಿಕ–ಬ್ರಿಟನ್ ನಂಟು

ಮಡಿಕೇರಿಯ ಸನ್ನಿಸೈಡ್ ಮನೆ ಈಗ ಜನರಲ್ ತಿಮ್ಮಯ್ಯನವರ ವಸ್ತುಸಂಗ್ರಹಾಲಯ. ತಿಮ್ಮಯ್ಯ ಎಂದರೆ ಕೊಡಗಿನಲ್ಲಿ ಮೊದಲು ನೆನಪಾಗುವುದು 1948ರ ನವೆಂಬರಿನಲ್ಲಿ ಕಾಶ್ಮೀರದ ಜೋಜಿಲಾ ಘಟ್ಟಕ್ಕೆ ಟ್ಯಾಂಕ್ ಹತ್ತಿಸಿದ್ದು. 1953–54ರಲ್ಲಿ ಅವರು ಕೊರಿಯಾದಲ್ಲಿ ಮಾಡಿದ ಕೆಲಸ ಅಷ್ಟಾಗಿ ಮಾತಿಗೆ ಬರುವುದಿಲ್ಲ. ಬರಬೇಕು. ಅಮೆರಿಕ–ಬ್ರಿಟನ್ ಗೆಳೆತನ ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂದು ನೋಡಲು ಕೊಡಗಿನ ಓದುಗರಿಗೆ ಅದಕ್ಕಿಂತ ಹತ್ತಿರದ ಬಾಗಿಲು ಇಲ್ಲ.

ಕೊರಿಯಾ ಯುದ್ಧದಲ್ಲಿ ಎರಡೂ ದೇಶಗಳ ಸೈನಿಕರು ವಿಶ್ವಸಂಸ್ಥೆಯ ಬಾವುಟದಡಿ ಒಟ್ಟಿಗೇ ಕಾದಿದರು. ಆದರೆ ಚೀನಾದ ವಿಷಯದಲ್ಲಿ ಒಮ್ಮತ ಇರಲಿಲ್ಲ. ಬೀಜಿಂಗ್ ಸರ್ಕಾರಕ್ಕೆ ಬ್ರಿಟನ್ 1950ರ ಜನವರಿಯಲ್ಲೇ ಮಾನ್ಯತೆ ಕೊಟ್ಟಿತ್ತು. ಅಮೆರಿಕ ಕೊಟ್ಟದ್ದು 1979ರಲ್ಲಿ. 1950ರ ನವೆಂಬರ್ 30ರಂದು ಅಧ್ಯಕ್ಷ ಟ್ರೂಮನ್ ಅಣುಬಾಂಬಿನ ಬಳಕೆಯನ್ನು ತಳ್ಳಿಹಾಕದೆ ಮಾತಾಡಿದಾಗ, ಬ್ರಿಟಿಷ್ ಪ್ರಧಾನಿ ಆಟ್ಲಿ ಗಾಬರಿಯಾಗಿ ಕೆಲವೇ ದಿನಗಳಲ್ಲಿ ವಾಷಿಂಗ್ಟನ್ನಿಗೆ ಹಾರಿದರು. 1952ರಲ್ಲಿ ಕದನವಿರಾಮದ ಮಾತುಕತೆ ಸೆರೆಯಾಳುಗಳ ಪ್ರಶ್ನೆಗೆ ಸಿಕ್ಕಿಕೊಂಡಿತು: ಊರಿಗೆ ಮರಳಲು ಒಪ್ಪದವರನ್ನು ಬಲವಂತವಾಗಿ ಕಳಿಸಬೇಕೇ, ಬೇಡವೇ? ತಟಸ್ಥ ದೇಶಗಳ ಆಯೋಗವೊಂದು ಅವರನ್ನು ವಹಿಸಿಕೊಳ್ಳಲಿ ಎಂದು ಭಾರತದ ಪರವಾಗಿ ಕೃಷ್ಣ ಮೆನನ್ ಸೂಚಿಸಿದರು. ಬ್ರಿಟಿಷ್ ವಿದೇಶಾಂಗ ಸಚಿವ ಈಡನ್ ಒಪ್ಪಿದರು. ಅಮೆರಿಕದ ವಿದೇಶಾಂಗ ಸಚಿವ ಅಚಿಸನ್ ಸಿಡಿದೆದ್ದರು. ಮರಳಲೊಲ್ಲದವರು ಕೊನೆಯಿಲ್ಲದೆ ಸೆರೆಯಲ್ಲೇ ಉಳಿದಾರು ಎಂಬುದು ಅವರ ಆಕ್ಷೇಪ. ತಿದ್ದುಪಡಿಯಾಗಿ ಡಿಸೆಂಬರ್ 3ರಂದು ನಿರ್ಣಯ ಪಾಸಾಯಿತು.

ಆ ಆಯೋಗಕ್ಕೆ ಅಧ್ಯಕ್ಷರಾದವರು ತಿಮ್ಮಯ್ಯ. ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯ ಉಳಿದ ಸದಸ್ಯರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ ಭಾರತೀಯ ಸೈನಿಕರು ತಮ್ಮ ನೆಲ ಮೆಟ್ಟಕೂಡದೆಂದು ಹಟ ಹಿಡಿದದ್ದರಿಂದ ನಮ್ಮವರನ್ನು ಹೆಲಿಕಾಪ್ಟರಿನಲ್ಲಿ ನೇರ ಎರಡು ಕೊರಿಯಾಗಳ ನಡುವಿನ ಸೇನಾರಹಿತ ಗಡಿಪಟ್ಟಿಗೆ ಸಾಗಿಸಬೇಕಾಯಿತು. ವಿಶ್ವಸಂಸ್ಥೆಯ ಕಡೆಯಿಂದ ಬಂದ ಚೀನೀ ಮತ್ತು ಉತ್ತರ ಕೊರಿಯಾದ ಸೆರೆಯಾಳುಗಳು 22 ಸಾವಿರಕ್ಕೂ ಹೆಚ್ಚು. ಎದುರು ಕಡೆಯಿಂದ 359 ಮಂದಿ. ಅವರಲ್ಲಿ 23 ಅಮೆರಿಕನ್ನರು, ಒಬ್ಬನೇ ಒಬ್ಬ ಬ್ರಿಟಿಷ್. ಕ್ರಮ ಹೀಗಿತ್ತು: 90 ದಿನಗಳ ಕಾಲ ಆಯಾ ದೇಶದ ಪ್ರತಿನಿಧಿಗಳು ಡೇರೆಯಲ್ಲಿ ಕೂತು ಸೆರೆಯಾಳಿಗೆ ವಿವರಣೆ ಕೊಡಬೇಕು, ಅವನು ಮರಳುವುದೋ ಬೇಡವೋ ಎಂದು ತಾನೇ ಹೇಳಬೇಕು. ಕೆಟ್ಟದ್ದು ಎರಡು ಕಡೆ. ಬಿಡಾರದೊಳಗಿನ ಮುಖಂಡರು ಉಳಿದವರನ್ನು ಹೊರಗೆ ಬಿಡಲಿಲ್ಲ. ಬಂದೂಕು ತೋರಿಸಿ ಎಳೆತರಲು ತಿಮ್ಮಯ್ಯ ಒಪ್ಪಲಿಲ್ಲ. ಉಳಿದವರ ಗತಿ ತೀರ್ಮಾನಿಸಬೇಕಿದ್ದ ರಾಜಕೀಯ ಸಮ್ಮೇಳನವಂತೂ ಸೇರಲೇ ಇಲ್ಲ. 1954ರ ಜನವರಿಯಲ್ಲಿ ಬಹುಪಾಲು ಸೆರೆಯಾಳುಗಳನ್ನು ತಂದುಕೊಟ್ಟವರಿಗೇ ಒಪ್ಪಿಸಲಾಯಿತು. ಬಲಪ್ರಯೋಗ ಬೇಡವೆಂದ ಆ ನಿಲುವು ಜೋಜಿಲಾಕ್ಕಿಂತ ಸಣ್ಣದಲ್ಲ ಎಂದೇ ನನ್ನ ಅಭಿಪ್ರಾಯ.

ಅಷ್ಟು ದೊಡ್ಡ ಗೆಳೆಯನೆದುರು ಬ್ರಿಟನ್ ಭಾರತದ ಕಡೆ ವಾಲಿದ್ದು ಹೇಗೆ? ಆ ವಿಷಯದಲ್ಲಿ ಅದರ ಕೈಕಟ್ಟುವ ಕಾಗದ ಇರಲಿಲ್ಲ. ಈ ಗೆಳೆತನವನ್ನು 'ವಿಶೇಷ ಸಂಬಂಧ' ಎಂದು ಕರೆಯುತ್ತಾರೆ, ಆದರೆ ಆ ಹೆಸರಿನ ಒಪ್ಪಂದವೇ ಜಗತ್ತಿನಲ್ಲಿಲ್ಲ. ಇರುವುದು ಬಿಡಿಬಿಡಿ ಕರಾರುಗಳು. ತೋಟ ಗುತ್ತಿಗೆಗೆ ಕೊಡುವ ಮನೆಯವರಿಗೆ ಇದು ಬೇಗ ಅರ್ಥವಾಗುತ್ತದೆ: ನೆಂಟಸ್ತನ ಎಷ್ಟೇ ಇರಲಿ, ಅವಧಿ ಎಷ್ಟು, ಹಣ ಎಷ್ಟು, ಮರ ಕಡಿಯುವ ಹಕ್ಕು ಯಾರಿಗೆ, ನಡುವೆ ಬಿಟ್ಟುಹೋದರೆ ಏನು ಎಂಬುದನ್ನೇ ನೋಡುತ್ತಾರೆ. ಈ ಎರಡು ದೇಶಗಳ ಚರಿತ್ರೆಯನ್ನೂ ಹಾಗೆಯೇ ಓದಬೇಕು.

ಹಳೆಯದನ್ನು ಬೇಗ ಮುಗಿಸುತ್ತೇನೆ. 1814ರಲ್ಲಿ ಬ್ರಿಟಿಷರು ವಾಷಿಂಗ್ಟನ್ನಿಗೆ ಬೆಂಕಿ ಇಟ್ಟರು. 1872ರಲ್ಲಿ ಜಿನೀವಾ ಪಂಚಾಯ್ತಿಯ ತೀರ್ಪಿನಂತೆ, ಅಮೆರಿಕದ ಅಂತರ್ಯುದ್ಧದ ಕಾಲದ ಹಡಗು ವ್ಯಾಜ್ಯಕ್ಕೆ ಬ್ರಿಟನ್ ಅಮೆರಿಕಕ್ಕೆ 155 ಲಕ್ಷ ಡಾಲರ್ ತೆತ್ತಿತು. ನಂಟು ಕುದುರಿದ್ದು ಅಲ್ಲಿಂದೀಚೆಗೆ.

1940ರ ಸೆಪ್ಟೆಂಬರ್ 2ರ ಕರಾರಿನಿಂದ ಕಥೆ ಬಿಗಿಯಾಗುತ್ತದೆ: ಅಮೆರಿಕ 50 ಹಳೆಯ ಯುದ್ಧನೌಕೆ ಕೊಟ್ಟಿತು, ಪ್ರತಿಯಾಗಿ ನ್ಯೂಫೌಂಡ್‌ಲೆಂಡಿನಿಂದ ಬ್ರಿಟಿಷ್ ಗಯಾನಾವರೆಗೆ ನೆಲೆಗಳನ್ನು 99 ವರ್ಷಕ್ಕೆ ಪಡೆಯಿತು. ಮರು ವರ್ಷ ಆಗಸ್ಟಿನ ಅಟ್ಲಾಂಟಿಕ್ ಸನ್ನದಿನಲ್ಲಿ, ಜನ ತಮಗೆ ಬೇಕಾದ ಸರ್ಕಾರ ಆರಿಸಿಕೊಳ್ಳುವ ಹಕ್ಕನ್ನು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್, ಬ್ರಿಟಿಷ್ ಪ್ರಧಾನಿ ಚರ್ಚಿಲ್ ಇಬ್ಬರೂ ಸಾರಿದರು. ಸೆಪ್ಟೆಂಬರಿನಲ್ಲೇ ಚರ್ಚಿಲ್, ಆ ಮಾತು ಮುಖ್ಯವಾಗಿ ನಾಜಿಗಳ ಕೈಕೆಳಗಿರುವ ದೇಶಗಳಿಗೆ ಎಂದು ಪಾರ್ಲಿಮೆಂಟಿನಲ್ಲಿ ಭಾರತವನ್ನು ಹೊರಗಿಟ್ಟರು. ರೂಸ್‌ವೆಲ್ಟ್ 1942ರಲ್ಲಿ ಲೂಯಿ ಜಾನ್ಸನ್‌ರನ್ನು ದೆಹಲಿಗೆ ಕಳಿಸಿದರು, ಒತ್ತಿ ನೋಡಿದರು, ಕೊನೆಗೆ ಕೈಬಿಟ್ಟರು. ಇದು ಓದಿದಾಗಲೆಲ್ಲ ನೋಯುತ್ತದೆ.

ಯುದ್ಧ ಮುಗಿದದ್ದೇ ತಡ, 1945ರ ಆಗಸ್ಟಿನಲ್ಲಿ ಟ್ರೂಮನ್ ಯುದ್ಧಕಾಲದ ನೆರವನ್ನು ಥಟ್ಟನೆ ನಿಲ್ಲಿಸಿದರು. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಕೇನ್ಸ್ ವಾಷಿಂಗ್ಟನ್ನಿನಲ್ಲಿ ಕೂತು ಸಾಲ ಮಾತಾಡಬೇಕಾಯಿತು: 375 ಕೋಟಿ ಡಾಲರ್, ಶೇಕಡಾ 2 ಬಡ್ಡಿ, 1951ರ ಡಿಸೆಂಬರಿನಿಂದ 50 ವಾರ್ಷಿಕ ಕಂತು. ಆರು ವರ್ಷ ಕಂತು ಮುಂದೂಡಿದ್ದರಿಂದ ಕೊನೆಯದು ಸಂದಾಯವಾದದ್ದು 2006ರ ಡಿಸೆಂಬರಿನಲ್ಲಿ. ನಿಜವಾದ ಉರುಳು ಬಡ್ಡಿಯಲ್ಲ, ಷರತ್ತು. ಸಾಲ ಜಾರಿಯಾದ ಒಂದು ವರ್ಷದೊಳಗೆ ಪೌಂಡನ್ನು ಡಾಲರಿಗೆ ಬದಲಿಸಿಕೊಳ್ಳಲು ಬಿಡಬೇಕು. 1947ರ ಜುಲೈ 15ರಂದು ಬಿಟ್ಟರು. ಪೌಂಡ್ ಇದ್ದವರೆಲ್ಲ ಡಾಲರಿಗೆ ಮುಗಿಬಿದ್ದು, ಆಗಸ್ಟ್ 20ಕ್ಕೆ ಬಾಗಿಲು ಹಾಕಬೇಕಾಯಿತು. ಯುದ್ಧದ ವೆಚ್ಚವಾಗಿ ಭಾರತಕ್ಕೆ ಸಲ್ಲಬೇಕಿದ್ದ 100 ಕೋಟಿ ಪೌಂಡಿಗೂ ಹೆಚ್ಚು ಹಣ ಲಂಡನ್ನಿನಲ್ಲಿ ಕಟ್ಟಿಹಾಕಿದಂತೆ ಉಳಿದದ್ದೂ ಇದೇ ಕಾಲದಲ್ಲಿ.

1946ರ ಮಾರ್ಚ್ 5ನ್ನು ಗುರುತು ಹಾಕಿಕೊಳ್ಳಿ. ಅಂದು ಮಿಸೌರಿಯ ಫುಲ್ಟನ್‌ನಲ್ಲಿ ಚರ್ಚಿಲ್ 'ವಿಶೇಷ ಸಂಬಂಧ' ಎಂಬ ಮಾತಾಡಿದರು. ಆಗ ಅವರು ಪ್ರಧಾನಿಯಲ್ಲ, ವಿರೋಧಪಕ್ಷದ ನಾಯಕ. ಅದೇ ದಿನ ಸದ್ದಿಲ್ಲದೆ ಎರಡೂ ದೇಶಗಳು ಸಂದೇಶ ಕದ್ದಾಲಿಕೆಯ ಮಾಹಿತಿ ಹಂಚಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿದವು. ಭಾಷಣ ಪತ್ರಿಕೆಗಳಲ್ಲಿ ಬಂತು. ಒಪ್ಪಂದದ ಪಠ್ಯ ಜನರ ಕೈಗೆ ಬಂದದ್ದು 2010ರಲ್ಲಿ. ಎರಡರಲ್ಲಿ ಹೆಚ್ಚು ಕೆಲಸ ಮಾಡಿದ್ದು ಎರಡನೆಯದೇ.

ಅಣುಬಾಂಬಿನ ಕಡತ ಇನ್ನೂ ತೊಡಕಿನದು. 1943ರ ಆಗಸ್ಟಿನಲ್ಲಿ ಕ್ವಿಬೆಕ್‌ನಲ್ಲಿ, ಮತ್ತೆ 1944ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕಿನಲ್ಲಿ ರೂಸ್‌ವೆಲ್ಟ್ ಮತ್ತು ಚರ್ಚಿಲ್ ಸಹಕಾರದ ಮಾತು ಬರೆದುಕೊಂಡರು. ಹೈಡ್ ಪಾರ್ಕ್ ಟಿಪ್ಪಣಿಯ ಅಮೆರಿಕನ್ ಪ್ರತಿ ನೌಕಾ ಸಹಾಯಕರ ಕಾಗದಗಳಲ್ಲಿ ಸೇರಿಹೋಯಿತು. ಅಣುಬಾಂಬ್ ಕೆಲಸಕ್ಕೆ ಇಟ್ಟ 'ಟ್ಯೂಬ್ ಅಲಾಯ್ಸ್' ಎಂಬ ಗುಪ್ತನಾಮದ ಅರ್ಥ ಕಾಗದ ಜೋಡಿಸಿಟ್ಟವರಿಗೆ ತಿಳಿದಿರಲಿಲ್ಲ. 1946ರ ಆಗಸ್ಟಿನಲ್ಲಿ ಅಮೆರಿಕದ ಮ್ಯಾಕ್‌ಮಹನ್ ಕಾಯ್ದೆ ಬಂದು ಅಣು ಮಾಹಿತಿಯ ಬಾಗಿಲು ಮುಚ್ಚಿತು. ಅಧ್ಯಕ್ಷನ ಸಹಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಕಾನೂನಿನ ಮುಂದೆ ನಿಲ್ಲದು. ಬ್ರಿಟನ್ ತನ್ನದೇ ಬಾಂಬನ್ನು 1952ರ ಅಕ್ಟೋಬರ್ 3ರಂದು ಸಿಡಿಸಿತು, ಕಾನೂನು ತಿದ್ದಿ 1958ರ ಜುಲೈಯಲ್ಲಿ ಹೊಸ ಒಪ್ಪಂದವಾಯಿತು.

ನಡುವೆ ಈಜಿಪ್ಟಿನ ಸೂಯೆಜ್ ಕಾಲುವೆಯ ಜಗಳ. 1956ರ ನವೆಂಬರಿನಲ್ಲಿ ಬ್ರಿಟನ್, ಫ್ರಾನ್ಸ್ ಸೈನ್ಯ ಇಳಿಸಿದಾಗ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಒಂದು ಗುಂಡೂ ಹಾರಿಸಲಿಲ್ಲ. ಪೌಂಡ್ ಕುಸಿಯುತ್ತಿತ್ತು, ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲಕ್ಕೆ ಅಮೆರಿಕ ಅಡ್ಡ ನಿಂತಿತು. ಡಿಸೆಂಬರ್ 3ರಂದು ಬ್ರಿಟನ್ ಸೇನೆ ವಾಪಸಾತಿ ಘೋಷಿಸಿತು. 10ರಂದು 130 ಕೋಟಿ ಡಾಲರಿನ ವ್ಯವಸ್ಥೆಗೆ ನಿಧಿ ಒಪ್ಪಿತು. ಈ ಎರಡು ತಾರೀಕುಗಳ ನಡುವಿನ ಒಂದು ವಾರ ಎಲ್ಲವನ್ನೂ ಹೇಳುತ್ತದೆ.

1962ರಲ್ಲಿ ಅಮೆರಿಕ ಸ್ಕೈಬೋಲ್ಟ್ ಕ್ಷಿಪಣಿ ಯೋಜನೆ ಕೈಬಿಟ್ಟಿತು. ಬ್ರಿಟನ್ ಅದನ್ನೇ ನಂಬಿತ್ತು. ಡಿಸೆಂಬರಿನಲ್ಲಿ ಬಹಾಮಾಸ್‌ನ ನಸ್ಸೌನಲ್ಲಿ ಬ್ರಿಟಿಷ್ ಪ್ರಧಾನಿ ಮ್ಯಾಕ್‌ಮಿಲನ್ ಬೇಡಿ ಪೊಲಾರಿಸ್ ಕ್ಷಿಪಣಿ ಪಡೆದರು. ಅದರ ಬೆಲೆಯ ಮೇಲೆ ಸಂಶೋಧನೆಯ ವೆಚ್ಚಕ್ಕೆಂದು ಶೇಕಡಾ 5 ಹೆಚ್ಚುವರಿ ಇತ್ತು. ಆಮೇಲೆ ಹಿಂದೂ ಮಹಾಸಾಗರದಲ್ಲಿ ತನ್ನ ವಶದಲ್ಲಿದ್ದ ಡಿಯೆಗೊ ಗಾರ್ಸಿಯಾ ದ್ವೀಪವನ್ನು ಬ್ರಿಟನ್ ಅಮೆರಿಕದ ನೆಲೆಗೆ ಕೊಡುವಾಗ, ಅಮೆರಿಕ ತನ್ನ ಪಾಲಿನ ಹಣವನ್ನು ನೇರ ಕೊಡಲಿಲ್ಲ. ಆ ಹೆಚ್ಚುವರಿಯಲ್ಲಿ 140 ಲಕ್ಷ ಡಾಲರ್ ಗುಟ್ಟಾಗಿ ಬಿಟ್ಟುಕೊಟ್ಟಿತು. 1966ರ ಕರಾರಿನ ಅವಧಿ 50 ವರ್ಷ, ಮೇಲೆ 20. 1973ರ ಹೊತ್ತಿಗೆ ಆ ದ್ವೀಪ ಸೇರಿದ ಚಾಗೋಸ್ ದ್ವೀಪಸಮೂಹದ ಜನರನ್ನೆಲ್ಲ ಹೊರಹಾಕಲಾಗಿತ್ತು; ಅವರನ್ನು ಯಾರೂ ಕೇಳಲಿಲ್ಲ. ತೋಟದ ಒಡೆಯ ಬದಲಾದಾಗ ಲೈನ್ ಮನೆಯವರನ್ನು ಕೇಳದೆ ಎಬ್ಬಿಸುವುದು ಅನ್ಯಾಯ ಎಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2025ರ ಮೇ 22ರಂದು ಬ್ರಿಟನ್ ದ್ವೀಪಗಳ ಒಡೆತನವನ್ನು ಮಾರಿಷಸ್‌ಗೆ ಬಿಟ್ಟು, ಡಿಯೆಗೊ ಗಾರ್ಸಿಯಾವನ್ನು 99 ವರ್ಷಕ್ಕೆ ಗುತ್ತಿಗೆ ಪಡೆಯುವ ಒಪ್ಪಂದಕ್ಕೆ ಸಹಿ ಹಾಕಿತು.

ತಿಮ್ಮಯ್ಯನವರ ಕೊನೆಯ ಹುದ್ದೆಯೂ ಇದೇ ಇಬ್ಬರ ಜಾಗದಲ್ಲಿ. 1964ರ ಆರಂಭದಲ್ಲಿ ಸೈಪ್ರಸ್‌ಗೆ ನ್ಯಾಟೊ ಪಡೆ ಕಳಿಸುವ ಯೋಜನೆಯನ್ನು ಅಮೆರಿಕ, ಬ್ರಿಟನ್ ಸೇರಿ ಮುಂದಿಟ್ಟವು. ಸೈಪ್ರಸ್ ಅಧ್ಯಕ್ಷ ಮಕಾರಿಯೋಸ್ ಒಲ್ಲೆನೆಂದರು. ಬದಲಿಗೆ ವಿಶ್ವಸಂಸ್ಥೆಯ ಪಡೆ ಹೋಯಿತು. ಅದೇ ವರ್ಷ ಅದರ ನಾಯಕತ್ವ ತಿಮ್ಮಯ್ಯನವರಿಗೆ ಬಂತು. 1965ರ ಡಿಸೆಂಬರ್ 18ರಂದು ಅವರು ಅಲ್ಲೇ ತೀರಿಕೊಂಡರು. ಆ ದ್ವೀಪದಲ್ಲಿ ಬ್ರಿಟನ್ 1960ರಲ್ಲಿ ಉಳಿಸಿಕೊಂಡ ಸೇನಾನೆಲೆಗಳು 99 ಚದರ ಮೈಲಿ. ಇಂದಿಗೂ ಅದರ ಕೈಯಲ್ಲೇ ಇವೆ. ಆ ಕಾಗದದಲ್ಲಿ ಅವಧಿಯ ಕಲಮೇ ಇಲ್ಲ.